1 ಸಮುವೇಲ 13:21ರ ‘ಪೀಮ್’: ಅರವೋ, ತೂಕವೋ?

ನೀವು ಕೇಳಿದ್ದು ಇಷ್ಟು: 1 ಸಮುವೇಲ 13:21ರಲ್ಲಿ ಹಳೆಯ ಇಂಗ್ಲಿಷ್ ಬೈಬಲು ‘ಅವರ ಹತ್ತಿರ ಅರ (ಹರಿತ ಮಾಡಲು ಉಜ್ಜುವ ಉಪಕರಣ) ಇತ್ತು’ ಎನ್ನುತ್ತದೆ, ಹೊಸದು ‘ಶೆಕೆಲಿನ (ಆಗಿನ ಒಂದು ತೂಕದ ಅಳತೆ) ಮೂರರಲ್ಲಿ ಎರಡು ಪಾಲು’ ಎನ್ನುತ್ತದೆ, ಹೀಬ್ರೂ ಮೂಲ ಒಂದೇ ಆಗಿರುವಾಗ ಯಾವುದು ಸರಿ?

ಎರಡನೆಯದು. ಮೂಲದಲ್ಲಿರುವ ಪದ ‘ಪೀಮ್’. ಪೇ, ಯೋದ್, ಮೇಮ್ ಎಂಬ ಮೂರೇ ಅಕ್ಷರ. ಅದು ತೂಕದ ಬಟ್ಟಿನ ಹೆಸರು. ಇಡೀ ಹೀಬ್ರೂ ಬೈಬಲಿನಲ್ಲಿ ಈ ಅರ್ಥದಲ್ಲಿ ಅದು ಬರುವುದು ಇಲ್ಲೊಂದೇ ಕಡೆ. ಹಾಗಾಗಿ ಬೇರೆ ವಾಕ್ಯಗಳ ಜೊತೆ ಇಟ್ಟು ತಾಳೆ ನೋಡುವ ಮಾಮೂಲಿ ದಾರಿ ಇಲ್ಲಿ ಮುಚ್ಚಿತ್ತು. ಸಾಲದ್ದಕ್ಕೆ ಅದರ ಹಿಂದಿನ ಪದ ‘ಪೆತ್ಸೀರಾ’, ಮುಂದೆ ಬರುವ ‘ಕಿಲ್ಲೆಶೋನ್’ ಇವೂ ಇನ್ನೆಲ್ಲೂ ಇಲ್ಲ. ಒಂದೇ ವಚನದಲ್ಲಿ ಮೂರು ಒಂಟಿ ಪದ!

ಸಂದರ್ಭ ಹೀಗಿದೆ. ಹೀಬ್ರೂ ಜನ ಕತ್ತಿ, ಈಟಿ ಮಾಡಿಕೊಂಡಾರು ಎಂದು ಅವರ ನೆರೆಯ ಶತ್ರುಗಳಾದ ಫಿಲಿಷ್ಟಿಯರು ಇಸ್ರಾಯೇಲಿನಲ್ಲಿ ಕಮ್ಮಾರರೇ ಇಲ್ಲದಂತೆ ನೋಡಿಕೊಂಡಿದ್ದರು (ವಚನ 19). ಗುಳ, ಗುದ್ದಲಿ, ಕೊಡಲಿ ಹರಿತ ಮಾಡಿಸಲು ಪ್ರತಿಯೊಬ್ಬನೂ ಫಿಲಿಷ್ಟಿಯರ ಹತ್ತಿರ ಇಳಿದು ಹೋಗಬೇಕಿತ್ತು (20). ಅದಾದ ಮೇಲೆ ನಮ್ಮ ವಚನ.

ಹಳಬರು ‘ಪೀಮ್’ ಪದವನ್ನು ‘ಪೆ’, ಅಂದರೆ ‘ಬಾಯಿ’ ಎಂಬುದರ ಬಹುವಚನ ಎಂದುಕೊಂಡರು. ಕನ್ನಡದ ಹಾಗೆಯೇ ಹೀಬ್ರೂವಿನಲ್ಲೂ ಕತ್ತಿಗೆ ಬಾಯಿ ಇದೆ, ಆದ್ದರಿಂದ ‘ಬಾಯಿಗಳುಳ್ಳ ಪೆತ್ಸೀರಾ’ ಎಂದರೆ ಹಲ್ಲುಹಲ್ಲಾದ ಅರ ಇರಬೇಕು ಎಂಬುದು ಊಹೆ. ವ್ಯಾಕರಣ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲ. ನ್ಯಾಯಸ್ಥಾಪಕರು 3:16ರಲ್ಲಿ ಏಹೂದನ ಇಬ್ಬಾಯಿ ಕತ್ತಿಗೆ ಬಳಸಿದ ಬಹುವಚನ ‘ಪೇಯೋತ್’, ‘ಪೀಮ್’ ಅಲ್ಲ. ಆದರೂ 1611ರ ಕಿಂಗ್ ಜೇಮ್ಸ್ ಅನುವಾದ ಅರವನ್ನೇ ಹಿಡಿಯಿತು, 1901ರ ಅಮೆರಿಕನ್ ಪರಿಷ್ಕರಣೆಯೂ ಅದನ್ನು ಬಿಡಲಿಲ್ಲ.

ಕ್ರಿಸ್ತಪೂರ್ವದ ಗ್ರೀಕ್ ಅನುವಾದ ಇನ್ನೂ ಮೋಜಿನದು. ಅಲ್ಲಿ ‘ಕೊಯ್ಲು ಸಿದ್ಧವಾಗಿತ್ತು, ಆಯುಧಗಳಿಗೆ ಹಲ್ಲಿಗೆ ಮೂರು ಶೆಕೆಲ್’ ಎಂಬಂತಿದೆ. ಪೆತ್ಸೀರಾದ ಪಕಾರವನ್ನು ಬಕಾರವಾಗಿ ಓದಿದರೆ ದ್ರಾಕ್ಷಿ ಕೊಯ್ಲಿನ ‘ಬಾತ್ಸೀರ್’ ಹತ್ತಿರ ಬರುತ್ತದೆ. ಅದೇ ವಚನದ ‘ಶ್ಲೋಶ್ (ಮೂರು) ಕಿಲ್ಲೆಶೋನ್’ ಅಕ್ಷರಗಳನ್ನು ಹಿಂದೆಮುಂದೆ ಮಾಡಿದರೆ ‘ಮೂರು ಶೆಕೆಲ್, ಹಲ್ಲು’ ಹೊರಡುತ್ತದೆ. ಪದ ತಪ್ಪಿದರೂ, ಇಲ್ಲಿ ಹಣದ ಮಾತಿದೆ ಎಂಬ ವಾಸನೆ ಆ ಅನುವಾದಕನಿಗೆ ಬಡಿದಿತ್ತು.

ಗಂಟು ಬಿಚ್ಚಿದ್ದು ನಿಘಂಟಿನಿಂದಲ್ಲ, ಮಣ್ಣಿನಿಂದ. ಯೆಹೂದ ಸೀಮೆಯ ಹಳೆಯ ಊರುಗಳಲ್ಲಿ ಅಡಿ ಚಪ್ಪಟೆ, ತಲೆ ಗುಂಡಗಿರುವ ಪುಟ್ಟ ಸುಣ್ಣಕಲ್ಲಿನ ಬಟ್ಟುಗಳು ಸಿಕ್ಕವು. ಕೆಲವದರ ಮೇಲೆ ಹಳೆಯ ಹೀಬ್ರೂ ಲಿಪಿಯಲ್ಲಿ ಇದೇ ಮೂರು ಅಕ್ಷರ. ತೂಗಿದರೆ ಸರಾಸರಿ 7.8 ಗ್ರಾಂ ಆಸುಪಾಸು. ಅದೇ ಸರಣಿಯ ಶೆಕೆಲ್ ಸುಮಾರು 11.3 ಗ್ರಾಂ, ನಮ್ಮ ತೊಲಕ್ಕಿಂತ (11.66 ಗ್ರಾಂ) ಕೂದಲೆಳೆಯಷ್ಟು ಕಮ್ಮಿ. ಲೆಕ್ಕ ಹಾಕಿ: 11.3ರ ಮೂರರಲ್ಲಿ ಎರಡು ಪಾಲು ಸುಮಾರು 7.5. ಬಟ್ಟುಗಳು ತುಸು ಭಾರ. ಕೈಯಲ್ಲಿ ಉಜ್ಜಿ ಮಾಡಿದ ಕಲ್ಲು ಒಂದರಂತೆ ಇನ್ನೊಂದು ತೂಗುವುದಿಲ್ಲ, ಹಾಗಾಗಿ ‘ಮೂರರಲ್ಲಿ ಎರಡು’ ಎಂಬುದನ್ನು ಅಂದಾಜು ಎಂದೇ ಓದಿ. ಇದೇ ಸಾಲಿನಲ್ಲಿ ‘ಬೆಕಾ’ ಕೂಡ ಇದೆ. ಅದು ಅರ್ಧ ಶೆಕೆಲ್ ಎಂದು ವಿಮೋಚನಕಾಂಡ 38:26 ತಾನೇ ಹೇಳುತ್ತದೆ. ಪೀಮ್‌ಗೆ ಮಾತ್ರ ಅಂಥ ವಿವರಣೆ ಯಾರೂ ಬರೆದಿಡಲಿಲ್ಲ.

ಹೆಸರು ಯಾಕೆ ಹೀಗೆ? ಜೆಕರ್ಯ 13:8ರಲ್ಲಿ ‘ಪೀ ಶ್ನಯಿಮ್’, ಪದಶಃ ‘ಎರಡು ಬಾಯಿ’, ಎಂದರೆ ಮೂರರಲ್ಲಿ ಎರಡು ಪಾಲು. ಮೂರನೆಯ ಪಾಲು ಉಳಿಯುತ್ತದೆ ಎಂದು ಅದೇ ವಚನ ಹೇಳುತ್ತದೆ. ಪೀಮ್ ಇದಕ್ಕೆ ನೆಂಟ ಎನ್ನುವ ವಿದ್ವಾಂಸರಿದ್ದಾರೆ, ನನಗೂ ಅದು ಒಪ್ಪಿಗೆ. ಉಚ್ಚಾರಣೆಯ ಬಗ್ಗೆ ಹಟ ಬೇಡ: ಕಲ್ಲುಗಳ ಮೇಲೆ ಸ್ವರಚಿಹ್ನೆ ಇಲ್ಲ, ಬೈಬಲಿನ ಸ್ವರಚಿಹ್ನೆಗಳು ಎಷ್ಟೋ ಶತಮಾನಗಳ ನಂತರ ಸೇರಿದವು. ‘ಪಯಿಮ್’ ಎಂದೂ ಓದಬಹುದು.

ಈಗ ವಚನದ ಧ್ವನಿಯೇ ಬೇರೆ. ಅರ ಎಂದರೆ ‘ಪರವಾಗಿಲ್ಲ, ಉಜ್ಜಿಕೊಳ್ಳಲಿಕ್ಕೆ ಏನೋ ಇತ್ತು’ ಎಂಬ ಸಮಾಧಾನ. ಪೀಮ್ ಎಂದರೆ ಕುಲುಮೆಯ ದರಪಟ್ಟಿ: ಗುಳಕ್ಕೆ, ಗುದ್ದಲಿಗೆ ಸುಮಾರು 7.8 ಗ್ರಾಂ ಬೆಳ್ಳಿ. ಆಗಿನ್ನೂ ನಾಣ್ಯ ಹುಟ್ಟಿರಲಿಲ್ಲ, ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡಬೇಕು. 1952ರ ರಿವೈಸ್ಡ್ ಸ್ಟ್ಯಾಂಡರ್ಡ್ ಅನುವಾದ ‘ಪೀಮ್’ ಎಂದೇ ಅಚ್ಚು ಹಾಕಿತು.

ಎಲ್ಲವೂ ಬಗೆಹರಿದಿದೆ ಎಂದಲ್ಲ. ‘ಪೆತ್ಸೀರಾ’ ಎಂದರೆ ಕೂಲಿ ಎಂಬುದು ಪೀಮ್ ಗೊತ್ತಾದ ಮೇಲೆ ಸಂದರ್ಭದಿಂದ ತೆಗೆದ ಅರ್ಥ. ಅದರ ಧಾತುವಿಗೆ ಬೇರೆಡೆ ‘ಒತ್ತಾಯ ಮಾಡು’ ಎಂಬ ಅರ್ಥವಿದೆ. ಕೊಡಲಿಗೂ ಮುಳ್ಳುಗೋಲಿಗೂ ‘ಮೂರನೇ ಒಂದು ಶೆಕೆಲ್’ ಎಂದು ಹೊಸ ಅನುವಾದಗಳಲ್ಲಿ ಓದುತ್ತೀರಲ್ಲ, ಮೂಲದಲ್ಲಿ ಅಲ್ಲಿ ಶೆಕೆಲ್ ಎಂಬ ಪದವಿಲ್ಲ. ‘ಮೂರು’ ಎಂದಿದೆ, ಪಕ್ಕದಲ್ಲಿ ಆ ಕಿಲ್ಲೆಶೋನ್. ಮೂರು ಹಲ್ಲಿನ ಕವೆಗೋಲು ಎಂದು ಓದುವವರೂ ಇದ್ದಾರೆ.

ಇನ್ನು ಚರ್ಚಿನ ಪ್ರವಚನಗಳಲ್ಲಿ ಕೇಳಿಬರುವ ಎರಡು ಮಾತು. ಫಿಲಿಷ್ಟಿಯರಿಗೆ ಕಬ್ಬಿಣದ ಏಕಸ್ವಾಮ್ಯವಿತ್ತು ಎನ್ನುತ್ತಾರೆ. ಈ ಭಾಗದಲ್ಲಿ ‘ಕಬ್ಬಿಣ’ ಎಂಬ ಪದವೇ ಇಲ್ಲ, ಇರುವುದು ‘ಕಮ್ಮಾರ’. ಪೀಮ್ ಕಲ್ಲುಗಳು ಈ ವಚನ ಬರುವ ರಾಜ ಸೌಲನ ಕಥೆಯನ್ನು ಸಾಬೀತು ಮಾಡಿದವು ಎನ್ನುತ್ತಾರೆ. ಆ ಬಟ್ಟುಗಳಲ್ಲಿ ಬಹುಪಾಲು ಕ್ರಿ.ಪೂ. 8-7ನೇ ಶತಮಾನದವು, ಸೌಲನ ಕಾಲ 11ನೇ ಶತಮಾನದ ಕೊನೆ ಎಂದು ಲೆಕ್ಕ. ಅವು ತೋರಿಸುವುದು ಬೇರೆ ಸಂಗತಿ: ಈ ಸಾಲು ಬರೆದವನಿಗೆ ಪೀಮ್ ಎಂದರೆ ಏನೆಂದು ವಿವರಿಸುವ ಅಗತ್ಯ ಕಾಣಲಿಲ್ಲ. ಗ್ರೀಕಿಗೆ ತಿರುಗಿಸಿದವನ ಹೊತ್ತಿಗೆ ಆ ಬಟ್ಟು ಯಾರ ತಕ್ಕಡಿಯಲ್ಲೂ ಉಳಿದಿರಲಿಲ್ಲ.