ಸಾಂಕ್ರಾಮಿಕದ ಕಾಲದಲ್ಲಿ ಅಟೆಂಡರ್‌ಗಳನ್ನು ಮನೆಯಲ್ಲೇ ಉಳಿಸಿಕೊಳ್ಳಬೇಕೇ, ಬಿಡಿಸಬೇಕೇ?

ಮಾತು ಬಾರದ, ಗಾಲಿಕುರ್ಚಿಯಲ್ಲಿರುವ ನಿಮ್ಮ 31 ವರ್ಷದ ತಂಗಿಯ ಜಾಗದಲ್ಲಿ ನನ್ನ ತಮ್ಮನನ್ನು ಇಟ್ಟರೆ, ನೀವು ಬರೆದಿರುವುದು 2020ರ ನಮ್ಮ ಮನೆಯ ಕಥೆಯೇ. ಇನ್ನೊಂದು ಸಾಂಕ್ರಾಮಿಕ ಬಂದರೆ ಮನೆಗೆ ಬಂದು ಆಕೆಯ ಆರೈಕೆ ಮಾಡುವ ಇಬ್ಬರು ಅಟೆಂಡರ್‌ಗಳಲ್ಲಿ ಒಬ್ಬರನ್ನು ಮನೆಯೊಳಗೇ ಉಳಿಸಿಕೊಂಡು ಇನ್ನೊಬ್ಬರನ್ನು ಬಿಡಿಸಬೇಕೇ, ಅಥವಾ ಇಬ್ಬರೂ ಬಂದು ಹೋಗಲಿ ಎಂದು ಬಿಟ್ಟು, ಮಾಸ್ಕ್ ಹಾಕುತ್ತಾರೋ ಇಲ್ಲವೋ ಎಂದು ನೋಡಲು ಕೋಣೆಯಲ್ಲಿ ಕ್ಯಾಮೆರಾ ಅಳವಡಿಸಬೇಕೇ ಎಂದು ಕೇಳಿದ್ದೀರಿ. ಎರಡೂ ಬೇಡ. ಏಕೆ ಬೇಡ ಎಂದು ಹೇಳಬೇಕಾದರೆ ನಮ್ಮಲ್ಲಿ ನಡೆದದ್ದನ್ನೇ ಹೇಳಬೇಕು.

ನನ್ನ ತಮ್ಮನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇದೆ. ಕೈಕಾಲುಗಳು ಬಿಗಿದುಕೊಂಡಿರುತ್ತವೆ, ಮಾತು ಬಾರದು, ಆಗಾಗ ಫಿಟ್ಸ್ ಬರುತ್ತದೆ. ‘ಹೌದು’ ಎನ್ನಲು ಕಣ್ಣನ್ನು ಮೇಲಕ್ಕೆತ್ತುತ್ತಾನೆ, ‘ಬೇಡ’ ಎನ್ನಲು ಮುಖ ತಿರುಗಿಸುತ್ತಾನೆ. ತಂದೆ ತೀರಿಕೊಂಡ ಮೇಲೆ ಅವನನ್ನು ಎತ್ತಿ ಸ್ನಾನ ಮಾಡಿಸುವುದು ನನ್ನಿಂದಾಗಲಿ ಅಮ್ಮನಿಂದಾಗಲಿ ಆಗದೆ, ಬೆಂಗಳೂರಿನ ಒಂದು ಏಜೆನ್ಸಿಯ ಮೂಲಕ ಹಗಲಿಗೊಬ್ಬರು, ರಾತ್ರಿಗೊಬ್ಬರು ಅಟೆಂಡರ್‌ಗಳನ್ನು ಇಟ್ಟುಕೊಂಡಿದ್ದೆವು. ಹಗಲಿನವರು ನಮ್ಮಲ್ಲಿಗೆ ಬಂದು ಆಗಲೇ ನಾಲ್ಕು ವರ್ಷ ದಾಟಿತ್ತು. ಅವರು ತಮ್ಮನಿಗೆ ಊಟ ಮಾಡಿಸುವುದನ್ನು ನೋಡಿ ಅಮ್ಮನೇ ಕಲಿತುಕೊಂಡದ್ದುಂಟು. ಬೆನ್ನು ನೆಟ್ಟಗಿರುವಂತೆ ಕೂರಿಸಿ, ಗಲ್ಲವನ್ನು ಎದೆಯ ಕಡೆಗೆ ತುಸು ಬಾಗಿಸಿ, ಗಟ್ಟಿಯಾಗಿ ಕಾಸಿದ ರಾಗಿ ಗಂಜಿಯನ್ನು ಅರ್ಧ ಚಮಚ ಮಾತ್ರ ನಾಲಿಗೆಯ ನಡುವೆ ಇಟ್ಟು, ಗಂಟಲಿನ ಗಂಟು ಎರಡು ಬಾರಿ ಮೇಲೆದ್ದು ಇಳಿದ ಮೇಲೆಯೇ ಮುಂದಿನ ಚಮಚ ಕೊಡುತ್ತಿದ್ದರು. ಒಂದೇ ಬಾರಿ ಎದ್ದಿಳಿದರೆ ಇನ್ನೂ ಬಾಯಲ್ಲಿ ಉಳಿದಿದೆ ಎಂದು ಲೆಕ್ಕ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸುವಂತಿರಲಿಲ್ಲ.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆರಂಭವಾದಾಗ ಬಸ್ಸುಗಳೆಲ್ಲ ನಿಂತುಹೋದವು, ನಮ್ಮ ಅಪಾರ್ಟ್‌ಮೆಂಟಿನ ಸಂಘದವರು ಹೊರಗಿನವರಿಗೆ ಗೇಟು ಮುಚ್ಚಿದರು. ಅದೇ ವಾರ ಕೇಂದ್ರ ಸರ್ಕಾರದ ಅಂಗವಿಕಲರ ಸಬಲೀಕರಣ ಇಲಾಖೆಯು ಹೊರಡಿಸಿದ ಮಾರ್ಗಸೂಚಿಯಲ್ಲಿ, ಆರೈಕೆ ಮಾಡುವವರಿಗೆ ನಿರ್ಬಂಧದಿಂದ ವಿನಾಯಿತಿ ಅಥವಾ ಸರಳವಾಗಿ ಪಾಸ್ ಕೊಡಬೇಕೆಂದೂ, ಶುಚಿತ್ವದ ಕ್ರಮಗಳನ್ನು ಪಾಲಿಸಿದವರನ್ನು ಒಳಗೆ ಬಿಡುವಂತೆ ನಿವಾಸಿಗಳ ಸಂಘಗಳಿಗೆ ತಿಳಿಹೇಳಬೇಕೆಂದೂ ಇತ್ತು. ಅದನ್ನು ಮುದ್ರಿಸಿ ಸಂಘದ ಕಾರ್ಯದರ್ಶಿಯ ಕೈಗೆ ಕೊಟ್ಟ ಮೇಲೆ ಗೇಟು ತೆರೆಯಿತು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 8ನೇ ಸೆಕ್ಷನ್ ಅಪಾಯದ ಸಂದರ್ಭಗಳಲ್ಲಿ ಅಂಗವಿಕಲರಿಗೆ ಸಮಾನ ರಕ್ಷಣೆ ಸಿಗಬೇಕೆನ್ನುತ್ತದೆ. ಇವೆರಡರ ಪ್ರತಿಗಳನ್ನು ನೀವು ಈಗಲೇ ತೆಗೆದಿಟ್ಟುಕೊಳ್ಳಿ, ಬೇಕಾದ ದಿನ ಜೆರಾಕ್ಸ್ ಅಂಗಡಿ ತೆರೆದಿರುವುದಿಲ್ಲ.

ಗೇಟು ತೆರೆದ ಸಂತೋಷದಲ್ಲಿ ನಾನು ಮನೆಯ ಬಾಗಿಲಲ್ಲಿ ಒಂದು ತಪಾಸಣಾ ಠಾಣೆಯನ್ನೇ ಕಟ್ಟಿದೆ. ಬಂದವರು ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಡಬೇಕು, ಸ್ನಾನ ಮಾಡಿ ನಾವೇ ಒಗೆದಿಟ್ಟ ಬಟ್ಟೆ ತೊಡಬೇಕು, ಹಣೆಗೆ ಹಿಡಿಯುವ ಥರ್ಮಾಮೀಟರ್‌ನಲ್ಲಿ ಬಂದ ಅಂಕಿಯನ್ನು ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಆ ಪುಸ್ತಕದ ಮೊದಲ ಪುಟದಲ್ಲಿ ನಾನೇ ದಪ್ಪ ಅಕ್ಷರಗಳಲ್ಲಿ ಬರೆದಿದ್ದೆ: ‘ಜ್ವರ, ಕೆಮ್ಮು ಇದ್ದವರು ಕೆಲಸಕ್ಕೆ ಬರಬಾರದು. ಬಾರದ ದಿನಗಳ ಹಣವನ್ನು ಏಜೆನ್ಸಿಯ ಬಿಲ್ಲಿನಲ್ಲಿ ಕಡಿತಗೊಳಿಸಲಾಗುವುದು.’ ಎರಡನೆಯ ವಾಕ್ಯವನ್ನು ಬರೆಯುವಾಗ ನನಗೆ ಏನೂ ಅನ್ನಿಸಲಿಲ್ಲ. ಏಜೆನ್ಸಿಯ ಕರಾರಿನಲ್ಲೇ ಹಾಗಿತ್ತು, ಎಲ್ಲ ಮನೆಗಳಲ್ಲೂ ಹಾಗೆಯೇ ನಡೆಯುತ್ತಿತ್ತು.

ಮೊದಲ ಅಲೆಯನ್ನು ಹೇಗೋ ದಾಟಿದೆವು. 2021ರ ಏಪ್ರಿಲ್ ಹಾಗೆ ಬಿಡಲಿಲ್ಲ. ಲಸಿಕೆ ಆಗ 45 ದಾಟಿದವರಿಗೆ ಮಾತ್ರ ಸಿಗುತ್ತಿತ್ತು. 18 ದಾಟಿದವರಿಗೆ ತೆರೆದದ್ದು ಮೇ 1ರಂದು. ಆರೋಗ್ಯ ಕಾರ್ಯಕರ್ತರಿಗೆ ಜನವರಿ 16ರಿಂದಲೇ ಲಸಿಕೆ ಕೊಡುತ್ತಿದ್ದರೂ ನಮ್ಮ ಏಜೆನ್ಸಿ ತನ್ನ ಅಟೆಂಡರ್‌ಗಳ ಹೆಸರನ್ನು ಎಲ್ಲಿಯೂ ನೋಂದಾಯಿಸಿರಲಿಲ್ಲ, ನಾನೂ ಕೇಳಿರಲಿಲ್ಲ. ಹೀಗಾಗಿ ನಮ್ಮ ಹಗಲಿನವರಿಗೂ ತಮ್ಮನಿಗೂ ಲಸಿಕೆಯಾಗಿರಲಿಲ್ಲ. ಆ ತಿಂಗಳ ಕೊನೆಯ ವಾರ ಹಗಲಿನವರಿಗೆ ಜ್ವರ ಬಂದಿತು. ಅವರು ಬೆಳಗ್ಗೆ ಡೋಲೋ ನುಂಗಿ, ಬೆವರು ಬಿಟ್ಟ ಮೇಲೆ ಹೊರಟು, ನಮ್ಮ ಬಾಗಿಲಲ್ಲಿ ಹಣೆ ಒಡ್ಡಿದರು. ಯಂತ್ರ ಹಸಿರು ದೀಪ ತೋರಿಸಿತು. ಸಹಿ ಮಾಡಿ ಒಳಗೆ ಹೋದರು. ಹೀಗೆ ಕೆಲವು ದಿನ ನಡೆದ ಮೇಲೆ ತಮ್ಮನಿಗೂ, ಬೆನ್ನಿಗೇ ನನಗೂ ಅಮ್ಮನಿಗೂ ಜ್ವರ ಕಾಣಿಸಿಕೊಂಡಿತು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಫೋನಿನಲ್ಲಿ ಕೂಗಾಡಿದೆ. ಅವರು ಒಂದೇ ಮಾತು ಹೇಳಿದರು: “ಅಕ್ಕಾ, ಹೇಳಿದ್ರೆ ಹದಿನೈದು ದಿನ ದುಡ್ಡಿಲ್ಲ. ಊರಲ್ಲಿ ಮೂರು ಜನ ಇದ್ದಾರೆ, ಅವರಿಗೇನು ಕಳಿಸ್ಲಿ?”

ಈ ತಪ್ಪನ್ನು ನಾನು ಬಹಳ ಸಲ ಲೆಕ್ಕ ಹಾಕಿ ನೋಡಿದ್ದೇನೆ, ನಿಮಗೂ ಲೆಕ್ಕದಲ್ಲೇ ತೋರಿಸುತ್ತೇನೆ. ನಾವು ಏಜೆನ್ಸಿಗೆ ಕೊಡುತ್ತಿದ್ದದ್ದು ತಿಂಗಳಿಗೆ 18,000 ರೂಪಾಯಿ, ಅವರ ಕೈ ಸೇರುತ್ತಿದ್ದದ್ದು 13,000. ಎರಡು ವಾರ ಮನೆಯಲ್ಲಿ ಕೂತರೆ ಅವರಿಗೆ ನಷ್ಟವಾಗುತ್ತಿದ್ದದ್ದು ಹೆಚ್ಚು ಕಡಿಮೆ 6,000. ಅದೇ ತಿಂಗಳು ನಾನು ಸ್ಯಾನಿಟೈಸರ್, ಮಾಸ್ಕ್, ಕೈಗವಸು ಮತ್ತು ಹೆಚ್ಚುವರಿ ಬಟ್ಟೆಗಳಿಗೆಂದು ಖರ್ಚು ಮಾಡಿದ ಹಣ ಅದಕ್ಕಿಂತ ಕಡಿಮೆಯಿರಲಿಲ್ಲ. ಅಂದರೆ ಜ್ವರವನ್ನು ಹಿಡಿಯಲು ಹಣ ಸುರಿದು, ಜ್ವರವನ್ನು ಬಚ್ಚಿಡಲು ಬೇಕಾದ ಕಾರಣವನ್ನೂ ನಾನೇ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಟ್ಟಿದ್ದೆ. ಮೊದಲ ವಾಕ್ಯ ನಿಜ ಹೇಳು ಎಂದರೆ, ಎರಡನೆಯದು ಹೇಳಿದರೆ ದಂಡ ಎಂದಿತು. ದಿನಗೂಲಿಯಂತೆ ಬದುಕುವ ಯಾರೇ ಆಗಲಿ ಎರಡನೆಯ ವಾಕ್ಯವನ್ನೇ ಮೊದಲು ಓದುತ್ತಾರೆ. ಅವರ ಸ್ಥಾನದಲ್ಲಿ ನಾನಿದ್ದರೂ ಡೋಲೋ ನುಂಗಿಯೇ ಬರುತ್ತಿದ್ದೆ.

ಇದು ನಮ್ಮ ಮನೆಯ ವಿಚಿತ್ರವೂ ಅಲ್ಲ. ಇಂಗ್ಲೆಂಡಿನ ವೃದ್ಧರ ಆರೈಕೆ ಮನೆಗಳಲ್ಲಿ 2020ರಲ್ಲಿ ನಡೆಸಿದ ‘ವಿವಾಲ್ಡಿ’ ಎಂಬ ಸಮೀಕ್ಷೆಯಲ್ಲಿ, ಸಿಬ್ಬಂದಿಗೆ ಕಾಯಿಲೆ ರಜೆಯ ಸಂಬಳ ಕೊಡುತ್ತಿದ್ದ ಮನೆಗಳಲ್ಲಿ ಸೋಂಕು ಕಡಿಮೆಯಿತ್ತು, ಇಂದೊಬ್ಬರು ನಾಳೆಯೊಬ್ಬರಂತೆ ಹೊರಗಿನ ಬದಲಿ ಸಿಬ್ಬಂದಿಯನ್ನು ಪದೇ ಪದೇ ಕರೆಸುತ್ತಿದ್ದ ಮನೆಗಳಲ್ಲಿ ಹೆಚ್ಚಿತ್ತು. ನಾನು ಅದನ್ನು ಓದಿದ್ದು ಎಲ್ಲ ಮುಗಿದ ಮೇಲೆ. ನಮ್ಮ ಹಗಲಿನವರನ್ನು ಏಜೆನ್ಸಿಯು ಭಾನುವಾರಗಳಂದು ಬೇರೊಂದು ಮನೆಗೆ ಕಳುಹಿಸುತ್ತಿತ್ತು ಎಂಬುದು ಗೊತ್ತಾದದ್ದೂ ಆಗಲೇ. ವಾರದ ರಜೆಗೆ ನಾವು ಹಣ ಕೊಡುತ್ತಿರಲಿಲ್ಲವಾದ್ದರಿಂದ ಅವರು ಹೋಗುತ್ತಿದ್ದರು.

ತಮ್ಮನ ಆಮ್ಲಜನಕ ಇಳಿಯತೊಡಗಿದಾಗ ಬೆಂಗಳೂರಿನ ಸೋಂಕಿತರಿಗೆ ಕೊಡುತ್ತಿದ್ದ ಬಿಯು ಸಂಖ್ಯೆ ಬರುವವರೆಗೆ ಕಾದು, ಹಾಸಿಗೆಗಾಗಿ 1912 ಸಹಾಯವಾಣಿಗೆ ಮತ್ತೆ ಮತ್ತೆ ಕರೆ ಮಾಡಿ, ಕೊನೆಗೆ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿತು. ಕೋವಿಡ್ ವಾರ್ಡಿಗೆ ಜೊತೆಗಾರರನ್ನು ಬಿಡುತ್ತಿರಲಿಲ್ಲ. ಅವನನ್ನು ಅರಿತಿದ್ದ ಮೂವರಲ್ಲಿ ಮೂವರೂ ಸೋಂಕಿತರಾಗಿ ಹೊರಗೆ ಉಳಿದೆವು; ರಾತ್ರಿಯವರು ಹೆದರಿ ಊರಿಗೆ ಹೊರಟುಹೋಗಿದ್ದರು. ಒಳಗಿದ್ದ ನರ್ಸ್‌ಗಳು ತಲೆಯಿಂದ ಕಾಲಿನವರೆಗೆ ಪಿಪಿಇ ಕಿಟ್ ತೊಟ್ಟಿದ್ದರು. ಮುಖ ನೋಡಿ ಮನುಷ್ಯರನ್ನು ಗುರುತಿಸುವ, ತುಟಿಯ ನಗು ನೋಡಿ ಸಮಾಧಾನಗೊಳ್ಳುವ ನನ್ನ ತಮ್ಮನಿಗೆ ಅಲ್ಲಿ ಒಂದು ಮುಖವೂ ಕಾಣಿಸಲಿಲ್ಲ. ಅವನು ಕಣ್ಣು ಮೇಲೆತ್ತಿದ್ದನ್ನು ಫಿಟ್ಸ್ ಇರಬಹುದೆಂದು ಯಾರೋ ಕೇಸ್ ಶೀಟಿನಲ್ಲಿ ಬರೆದಿದ್ದರಂತೆ. ಒರಗಿ ಮಲಗಿದ್ದವನಿಗೆ ತೆಳ್ಳಗಿನ ಗಂಜಿ ಕುಡಿಸಿದ್ದರಿಂದ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಯಿತು. ಅವರನ್ನು ನಾನು ದೂರುವುದಿಲ್ಲ. ಒಬ್ಬ ನರ್ಸ್‌ ಅಷ್ಟೊಂದು ರೋಗಿಗಳನ್ನು ನೋಡಬೇಕಾಗಿದ್ದ ದಿನಗಳವು, ಹೇಗೆ ಉಣ್ಣಿಸಬೇಕೆಂಬ ಒಂದು ಚೀಟಿಯನ್ನೂ ನಾವು ಜೊತೆಗೆ ಕಳುಹಿಸಿರಲಿಲ್ಲ. ತಮ್ಮ ಬದುಕಿದ. ಆದರೆ ನುಂಗುವ ಶಕ್ತಿ ಮರಳಲಿಲ್ಲ. ಮಾವಿನ ಹಣ್ಣಿನ ಕಾಲ ಬಂತೆಂದರೆ ಅಡುಗೆಮನೆಯ ಕಡೆಗೇ ಮುಖ ಮಾಡಿ ಕೂರುತ್ತಿದ್ದವನಿಗೆ ಈಗ ಹೊಟ್ಟೆಗೆ ಹಾಕಿದ ಕೊಳವೆಯ ಮೂಲಕವೇ ಆಹಾರ.

ತಂಗಿ ಚಿಕ್ಕ ವಯಸ್ಸಿನವಳು, ಆದ್ದರಿಂದ ಮುಖ್ಯವಾಗಿ ಕಾಪಾಡಬೇಕಾದದ್ದು ತಾಯಿಯನ್ನು ಎಂದು ನೀವು ಬರೆದಿದ್ದೀರಿ. ಈ ಎಣಿಕೆಯನ್ನು ದಯವಿಟ್ಟು ಬಿಡಿ. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮೊದಲ ಅಲೆಯಲ್ಲಿ 18ರಿಂದ 34 ವರ್ಷದೊಳಗಿನ ಬೌದ್ಧಿಕ ಅಂಗವೈಕಲ್ಯವುಳ್ಳವರ ಸಾವಿನ ಪ್ರಮಾಣ ಅದೇ ವಯಸ್ಸಿನ ಇತರರಿಗಿಂತ 30 ಪಟ್ಟು ಹೆಚ್ಚಿತ್ತು. ಇಂಥವರ ವಿಷಯದಲ್ಲಿ ವಯಸ್ಸೊಂದನ್ನೇ ನಂಬಿ ಕೂರುವಂತಿಲ್ಲ.

ಒಬ್ಬರನ್ನೇ ಮನೆಯೊಳಗೆ ಇರಿಸಿಕೊಳ್ಳುವ ಯೋಚನೆ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಇಪ್ಪತ್ನಾಲ್ಕು ಗಂಟೆಯೂ ದುಡಿಯುವ ಒಬ್ಬರು ನಿಮ್ಮ ತಂಗಿಯನ್ನು ರಾತ್ರಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆಂದು ನೀವು ನಂಬಿದರೂ, ಎರಡನೆಯ ವಾರದ ಹೊತ್ತಿಗೆ ಸೊಂಟದ ಕೆಳಗೆ ಕೆಂಪಗೆ ಎದ್ದ ಬೆಡ್‌ಸೋರ್ ಬೇರೆ ಕಥೆ ಹೇಳುತ್ತದೆ. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ. ಗೇಟಿನೊಳಗೆ ಕೂಡಿಹಾಕಿದವರ ಮನಸ್ಸು ಕೆಲಸದಲ್ಲಿ ನಿಲ್ಲುವುದಿಲ್ಲ. ಅಷ್ಟೇ ಅಲ್ಲ, ಆ ಒಬ್ಬರು ಮಲಗಿದ ದಿನ ನಿಮ್ಮ ತಂಗಿಯ ಊಟ, ಫಿಟ್ಸ್, ಮುಟ್ಟಿನ ದಿನಗಳ ನೋವು, ಇವೆಲ್ಲವನ್ನು ಬಲ್ಲವರು ಹೊರಗೆ ಒಬ್ಬರೂ ಉಳಿದಿರುವುದಿಲ್ಲ. ಇಬ್ಬರು ಇರಲೇಬೇಕು, ಸಾಧ್ಯವಿದ್ದರೆ ತಿಂಗಳಲ್ಲಿ ಒಂದೆರಡು ದಿನ ಬಂದು ಕಲಿತುಹೋಗುವ ಮೂರನೆಯವರೂ ಇರಬೇಕು. ಆ ಇಬ್ಬರೂ ನಿಮ್ಮ ಮನೆಯೊಂದರಲ್ಲೇ ದುಡಿಯಬೇಕೆಂದು ನೀವು ಬಯಸುವುದಾದರೆ ವಾರದ ರಜೆಗೂ ಸಂಬಳ ಕೊಡಿ.

ಕ್ಯಾಮೆರಾ ವಿಷಯದಲ್ಲಿ ನಾನು ಇನ್ನೂ ಕಟುವಾಗಿ ಹೇಳುತ್ತೇನೆ. ನಿಮ್ಮ ತಂಗಿಗೆ ಬಟ್ಟೆ ಬದಲಿಸುವ, ಮೈ ಒರೆಸುವ ಕೋಣೆ ಅದು. ಆಕೆಗೆ 31 ವರ್ಷ. ಬೇಡ ಎಂದು ಬಾಯಿಬಿಟ್ಟು ಹೇಳಲಾಗದು ಎಂಬ ಒಂದೇ ಕಾರಣಕ್ಕೆ ಆಕೆಯ ಕೋಣೆಯಲ್ಲಿ ಕ್ಯಾಮೆರಾ ತೂಗುಹಾಕಬಾರದು. ಮೂಗಿನ ಕೆಳಗೆ ಜಾರಿದ ಮಾಸ್ಕ್ ಅದರಲ್ಲಿ ಕಾಣಿಸಬಹುದು, ಬೆಳಗ್ಗೆ ನುಂಗಿ ಬಂದ ಜ್ವರದ ಮಾತ್ರೆ ಕಾಣಿಸುವುದಿಲ್ಲ.

ನೀವು ಈಗ ಮಾಡಬೇಕಾದ ಮೊದಲ ಕೆಲಸ ಏಜೆನ್ಸಿಯವರನ್ನು ಕರೆದು ಮಾತನಾಡುವುದು. ಹತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ತಿಂಗಳಿಗೆ 21,000 ರೂಪಾಯಿಯವರೆಗೆ ವೇತನ ಪಡೆಯುವವರನ್ನು ನೌಕರರ ರಾಜ್ಯ ವಿಮೆಗೆ, ಅಂದರೆ ಇಎಸ್‌ಐಗೆ ಸೇರಿಸಬೇಕು. ಸರಿಯಾಗಿ ವಂತಿಗೆ ಕಟ್ಟಿದ್ದರೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70ರಷ್ಟು ಅಟೆಂಡರ್‌ಗೆ ಸಿಗುತ್ತದೆ. ಇಬ್ಬರ ಇಎಸ್‌ಐ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ನೋಡೋಣ, ಮಾಡೋಣ ಎಂದು ರಾಗ ಎಳೆದರೆ ನೋಂದಣಿಯೇ ಆಗಿಲ್ಲವೆಂದು ತಿಳಿಯಿರಿ. ಉಳಿದ ಶೇ. 30ನ್ನು, ಇಎಸ್‌ಐ ಇಲ್ಲದಿದ್ದರೆ ಪೂರ್ತಿ ಮೊತ್ತವನ್ನು, ನೀವೇ ಕೊಡುವುದಾಗಿ ಅಟೆಂಡರ್‌ಗಳಿಗೆ ನೇರವಾಗಿ, ಕನ್ನಡದಲ್ಲಿ ಬರೆದು ಕೊಡಿ. ಏಜೆನ್ಸಿಯ ಮೂಲಕ ಹೇಳಿ ಕಳುಹಿಸಿದ ಮಾತು ಅವರ ಕಿವಿ ಮುಟ್ಟುವ ಖಾತ್ರಿಯಿಲ್ಲ. ನಮ್ಮ ಹಗಲಿನವರು ಇಂದಿಗೂ ನಮ್ಮಲ್ಲೇ ಇದ್ದಾರೆ, ಈಗ ಏಜೆನ್ಸಿಯ ಮೂಲಕವಲ್ಲ. ಹೋದ ಮಳೆಗಾಲದಲ್ಲಿ ಬೆಳಗ್ಗೆ ಆರಕ್ಕೇ ಫೋನ್ ಮಾಡಿ, “ಅಕ್ಕಾ, ಗಂಟಲು ಕೆರೀತಿದೆ, ಇವತ್ತು ಬರಲ್ಲ” ಎಂದರು. ಅಂಥ ಫೋನ್ ಬರುವ ವ್ಯವಸ್ಥೆ ನಿಮ್ಮ ಮನೆಯಲ್ಲಿದ್ದರೆ ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ.

ಎರಡನೆಯ ಕೆಲಸಕ್ಕೆ ಒಂದು ಸಂಜೆ ಸಾಕು. ಅಟೆಂಡರ್‌ಗಳನ್ನೇ ಕೂರಿಸಿಕೊಂಡು, ನಿಮ್ಮ ತಂಗಿಯನ್ನು ಎಂದೂ ನೋಡದ ನರ್ಸ್‌ ಒಬ್ಬರು ಓದುತ್ತಾರೆಂದು ಎಣಿಸಿ, ಒಂದು ಹಾಳೆ ಬರೆಯಿರಿ. ಎರಡು ಪುಟವಾದರೆ ಯಾರೂ ಓದುವುದಿಲ್ಲ. ಹೌದು, ಬೇಡ ಎನ್ನುವ ರೀತಿ, ನೋವಾದಾಗ ಮಾಡುವ ಸದ್ದು, ಊಟಕ್ಕೆ ಕೂರಿಸುವ ಭಂಗಿ, ಗಂಜಿಯ ದಪ್ಪ, ಫಿಟ್ಸ್ ಮಾತ್ರೆಯ ಹೆಸರು ಮತ್ತು ಹೊತ್ತು, ಅದನ್ನು ಒಮ್ಮೆಲೇ ನಿಲ್ಲಿಸಬಾರದೆಂಬ ಸೂಚನೆ, ಇಷ್ಟು ಅದರಲ್ಲಿರಲಿ. ಕೆಳಗೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಪ್ರತಿ ಅಂಟಿಸಿ, ಲ್ಯಾಮಿನೇಟ್ ಮಾಡಿಸಿ ಗಾಲಿಕುರ್ಚಿಯ ಹಿಂದೆ ಕಟ್ಟಿ. ಇದನ್ನು ಬರೆಯುವಾಗ ತಾಯಿಗಿಂತ ಅಟೆಂಡರ್ ಹೇಳಿದ್ದನ್ನು ಹೆಚ್ಚು ನಂಬಿ. ಆಗ ಕೇಳಿದ್ದರೆ ನಮ್ಮ ಅಮ್ಮ ಗಂಜಿ ಸ್ವಲ್ಪ ಗಟ್ಟಿಯಾಗಿರಬೇಕು ಎನ್ನುತ್ತಿದ್ದರು. ಹಗಲಿನವರು, ಚಮಚ ಓರೆ ಮಾಡಿದರೆ ಬೀಳದೆ ಅಂಟಿಕೊಂಡಿರಬೇಕು ಎಂದು ಬರೆಸುತ್ತಿದ್ದರು.