ಓದುಗರ ಪ್ರಶ್ನೆ: ಮನೆ ಬೆನ್ನಿಗೆ ಕಟ್ಟಿಕೊಂಡು ಜರ್ಮನಿಯ ಹಳೇ ಊರುಗಳಿಗೆ

ಹಾಸಿಗೆ, ಒಲೆ, ಶೌಚಾಲಯ ಎಲ್ಲ ಒಳಗೇ ಇರುವ ಕ್ಯಾಂಪರ್‌ವ್ಯಾನ್ ಬಾಡಿಗೆಗೆ ಹಿಡಿದು ಜರ್ಮನಿಯ ‘ರೊಮ್ಯಾಂಟಿಕ್ ರೋಡ್’ ಉದ್ದಕ್ಕೂ ಹನ್ನೊಂದು ರಾತ್ರಿ ಕಳೆದು ಬಂದೆವು ಎಂದು ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಪತ್ರಗಳು ಬಂದವು ನೋಡಿ! ಬಂದವುಗಳಲ್ಲಿ ಅರ್ಧಕ್ಕರ್ಧ ಶೌಚಾಲಯದ ಬಗ್ಗೆಯೇ ಇವೆ. ಅದಕ್ಕೂ ಬರುತ್ತೇನೆ.

ನಮಗೆ ಹತ್ತು ದಿನ ರಜೆ ಇದೆ. ವ್ಯೂರ್ಜ್‌ಬುರ್ಗ್‌ನಿಂದ ಫ್ಯೂಸನ್‌ವರೆಗಿನ ದಾರಿ ಮುಗಿಸಿ, ಮ್ಯೂನಿಕ್, ಸಾಲ್ಜ್‌ಬರ್ಗ್, ಪ್ರಾಗ್ ಕೂಡ ಸೇರಿಸಬಹುದೇ?
*– ಬ್ಯಾಂಕ್ ಉದ್ಯೋಗಿ ದಂಪತಿ*

ಸೇರಿಸಬಹುದು. ಪೆಟ್ರೋಲ್ ಬಂಕುಗಳನ್ನು ಚೆನ್ನಾಗಿ ನೋಡಿಕೊಂಡು ಬರುತ್ತೀರಿ.

ಈ ದಾರಿ ಹೆದ್ದಾರಿಯಲ್ಲ. ಮಧ್ಯಯುಗದ ಊರುಗಳನ್ನು ಪೋಣಿಸಿ 1950ರಲ್ಲಿ ಪ್ರವಾಸಿಗರಿಗೆಂದೇ ಈ ಹೆಸರಿಟ್ಟರು. ದ್ರಾಕ್ಷಿ ತೋಟ, ಗೋಧಿ ಹೊಲ, ಕೊನೆಗೆ ಆಲ್ಪ್ಸ್ ಬೆಟ್ಟದ ಬುಡ. ನಡುನಡುವೆ ಟ್ರ್ಯಾಕ್ಟರ್ ಹಿಂದೆ ತೆವಳಬೇಕು. ನಾವೂ ಮೊದಲ ದಿನ ಮೂರು ಊರು ಎಂದು ಬರೆದುಕೊಂಡು ಹೋದವರೇ. ವ್ಯೂರ್ಜ್‌ಬುರ್ಗ್‌ನ ಅರಮನೆಯ ಮೆಟ್ಟಿಲ ಮೇಲೆ ಕತ್ತೆತ್ತಿ ನಿಂತದ್ದೇ ನಿಂತದ್ದು, ಪಟ್ಟಿ ಅಲ್ಲೇ ಮುಗಿಯಿತು. ಚಾವಣಿಯ ತುಂಬ ಇಟಲಿಯ ಚಿತ್ರಕಾರ ಟಿಯೆಪೊಲೊ ಬರೆದ ನಾಲ್ಕು ಖಂಡಗಳ ಚಿತ್ರವಿದೆ, 1752-53ರದ್ದು. ನಮ್ಮ ಏಷ್ಯಾ ಆನೆಯ ಮೇಲೆ ಕೂತಿದ್ದಾಳೆ. 1945ರ ಮಾರ್ಚ್ 16ರ ಬಾಂಬ್ ದಾಳಿಯಲ್ಲಿ ಊರಿಗೆ ಊರೇ ಸುಟ್ಟರೂ ಆ ಚಾವಣಿ ಮಾತ್ರ ಬೀಳಲಿಲ್ಲ. ಆಮೇಲಿನಿಂದ ನಮ್ಮದು ದಿನಕ್ಕೆ ಒಂದೇ ಊರು. ವ್ಯಾನ್ ಕೋಟೆಯ ಹೊರಗೆ, ನಾವು ಒಳಗೆ, ನಡೆದುಕೊಂಡು.

ಪ್ರಾಗ್ ಇನ್ನೊಂದು ವರ್ಷಕ್ಕಿರಲಿ.

ಇಲ್ಲಿಯ ಲೈಸೆನ್ಸ್ ನಡೆಯುತ್ತದೆಯೇ? ಅಷ್ಟು ದೊಡ್ಡ ಗಾಡಿ ಓಡಿಸುವುದು ಕಷ್ಟವೇ?
*– ಹದಿನೈದು ವರ್ಷದಿಂದ ಕಾರು ಓಡಿಸುತ್ತಿರುವವರು*

ನಮ್ಮ ಲೈಸೆನ್ಸ್ ಜೊತೆಗೆ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಕಾರಿನ ಲೈಸೆನ್ಸಿನಲ್ಲಿ ಒಟ್ಟು ತೂಕ 3.5 ಟನ್ ಮೀರದ ಗಾಡಿ ಮಾತ್ರ ಓಡಿಸಬಹುದು. ಆ ಲೆಕ್ಕದಲ್ಲಿ ನೀವು, ನಿಮ್ಮ ಪೆಟ್ಟಿಗೆ, ಟ್ಯಾಂಕಿನ ನೀರು ಎಲ್ಲ ಬಂತು. ನೂರು ಲೀಟರ್ ನೀರೆಂದರೆ ನೂರು ಕಿಲೋ.

ಬಲಬದಿಯ ಓಡಾಟ ಎರಡು ದಿನಕ್ಕೆ ಅಭ್ಯಾಸವಾಗುತ್ತದೆ. ಆಗದಿರುವುದು ಇದು: ಯಾವ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವರಿಗೆ ದಾರಿ ಬಿಡಬೇಕು. ನೀವು ದೊಡ್ಡ ಬೀದಿಯಲ್ಲಿದ್ದೀರಿ, ಅವರು ಸಂದಿಯಿಂದ ಬಂದರು ಎಂಬುದೆಲ್ಲ ಅಲ್ಲಿ ನಡೆಯದು. ಹಾರನ್ ಹೊಡೆದು ನುಗ್ಗುವ ಕೈ ಸ್ವಲ್ಪ ಹಿಡಿತದಲ್ಲಿರಲಿ.

ಇನ್ನೊಂದು ಕೋಟೆಬಾಗಿಲು. ನಮ್ಮ ಗಾಡಿಯ ಎತ್ತರ 2.9 ಮೀಟರ್. ಒಂದೂರಲ್ಲಿ ಮ್ಯಾಪ್ ತೋರಿಸಿದ ದಾರಿ ನೇರ ಹೆಬ್ಬಾಗಿಲಿಗೇ ಹೋಯಿತು. ಫಲಕದಲ್ಲಿ 2.8. ಯಜಮಾನರು ‘ಹೋಗುತ್ತೆ ಬಿಡು’ ಅಂದರು. ನಾನು ಇಳಿದು ಗಾಡಿಯ ಮುಂದೆ ನಿಂತೆ. ಹಿಂದೆ ನಾಲ್ಕು ಕಾರು. ಒಬ್ಬರೂ ಹಾರನ್ ಮಾಡಲಿಲ್ಲ, ನಾಲ್ವರೂ ರಿವರ್ಸ್ ತೆಗೆದುಕೊಂಡು ಜಾಗ ಬಿಟ್ಟರು. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ. ಎತ್ತರ, ಅಗಲ ಎರಡನ್ನೂ ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಪಕ್ಕ ಅಂಟಿಸಿ.

ಕೇಳಲು ಸಂಕೋಚ. ಶೌಚದ ವ್ಯವಸ್ಥೆ ಹೇಗೆ? ಅದನ್ನು ಯಾರು ತೆಗೆಯುತ್ತಾರೆ?
*– ಹೆಸರು ಬೇಡ ಎಂದವರು (ಒಬ್ಬರಲ್ಲ, ಒಂಬತ್ತು ಮಂದಿ)*

ನೀವೇ ತೆಗೆಯುತ್ತೀರಿ.

ಕಮೋಡಿನ ಕೆಳಗೆ ಚಕ್ರವಿರುವ ಪ್ಲಾಸ್ಟಿಕ್ ಡಬ್ಬಿ ಇರುತ್ತದೆ, ಸುಮಾರು ಹದಿನೆಂಟು ಲೀಟರಿನದು. ಗಾಡಿಯ ಹೊರಮೈಯ ಚಿಕ್ಕ ಬಾಗಿಲು ತೆರೆದು ಅದನ್ನು ಎಳೆದುಕೊಳ್ಳಬೇಕು. ಒಳಗೆ ವಾಸನೆ ತಡೆಯುವ ದ್ರಾವಣ ಹಾಕಿರುವುದರಿಂದ ನೀವು ಹೆದರಿದಷ್ಟೇನೂ ಇಲ್ಲ. ಸೂಟ್‌ಕೇಸ್ ಎಳೆದಂತೆ ಎಳೆದುಕೊಂಡು ಹೋಗಿ, ಅದಕ್ಕೆಂದೇ ಇರುವ ಗುಂಡಿಯಲ್ಲಿ ಸುರಿದು, ತೊಳೆದು ತರುವುದು. ಸುರಿಯುವಾಗ ಹಿಡಿಕೆಯ ಹತ್ತಿರದ ಗಾಳಿಯ ಬಟನ್ ಹೆಬ್ಬೆರಳಲ್ಲಿ ಒತ್ತಿಕೊಂಡಿರಬೇಕು. ಒತ್ತದಿದ್ದರೆ ಗುಳುಕ್ ಗುಳುಕ್ ಎಂದು ಎಗರುತ್ತದೆ. ನಮ್ಮ ಯಜಮಾನರು ಮೊದಲ ದಿನ ಒತ್ತಲಿಲ್ಲ. ಅವತ್ತು ಹಾಕಿದ್ದ ಪ್ಯಾಂಟ್ ವಾಪಸ್ ಬರಲಿಲ್ಲ.

ಇಬ್ಬರಿಗೆ ಎರಡು ದಿನಕ್ಕೊಮ್ಮೆ ಈ ಕೆಲಸ. ಪಾತ್ರೆ ತೊಳೆದ, ಸ್ನಾನದ ನೀರಿಗೆ ಬೇರೆ ಟ್ಯಾಂಕ್ ಇರುತ್ತದೆ, ಅದರ ಜಾಗವೂ ಬೇರೆ. ಗದ್ದೆಬದಿಯಲ್ಲಿ ಯಾರೂ ನೋಡುತ್ತಿಲ್ಲ ಎಂದು ನಲ್ಲಿ ತಿರುಗಿಸಬೇಡಿ.

ಚೆಂದ ಕಂಡ ಕಡೆ ನಿಲ್ಲಿಸಿ ಮಲಗಬಹುದಲ್ಲವೇ? ವ್ಯಾನಿನ ಸುಖವೇ ಅದಲ್ಲವೇ?
*– ಎಂಜಿನಿಯರಿಂಗ್ ವಿದ್ಯಾರ್ಥಿ*

ಅರ್ಧ ಮಾತ್ರ. ಪಾರ್ಕಿಂಗಿಗೆ ಅಡ್ಡಿಯಿಲ್ಲದ ಕಡೆ, ದಣಿದ ಚಾಲಕ ಮತ್ತೆ ಓಡಿಸುವಷ್ಟು ಚೇತರಿಸಿಕೊಳ್ಳಲೆಂದು ಒಂದು ರಾತ್ರಿ ಗಾಡಿಯಲ್ಲೇ ಮಲಗಬಹುದು. ಹೊರಗೆ ಕುರ್ಚಿ ಹಾಕಿ, ಬದಿಯ ಚಪ್ಪರ ಬಿಚ್ಚಿದಿರೋ, ಅದು ಬಿಡಾರ. ತಪ್ಪು.

ಆದರೆ ಅಲ್ಲಿ ‘ಸ್ಟೆಲ್‌ಪ್ಲಾಟ್ಸ್’ ಎಂಬ ಪುಣ್ಯದ ಏರ್ಪಾಡಿದೆ. ಎಷ್ಟೋ ಊರುಗಳಲ್ಲಿ ಕೋಟೆಗೋಡೆಯಿಂದ ಹತ್ತು ನಿಮಿಷದ ನಡಿಗೆಯಲ್ಲೇ ವ್ಯಾನುಗಳಿಗೆಂದು ಜಾಗ ಇಟ್ಟಿರುತ್ತಾರೆ. ನಾವು ರಾತ್ರಿಗೆ ಕೊಟ್ಟದ್ದು 10ರಿಂದ 18 ಯೂರೊ. ಕರೆಂಟಿಗೂ ನೀರಿಗೂ ಯಂತ್ರಕ್ಕೆ ನಾಣ್ಯ ಹಾಕಬೇಕು, ಚಿಲ್ಲರೆ ಇಟ್ಟುಕೊಳ್ಳಿ. ಕತ್ತಲಾದ ಮೇಲೆ ಹೋದರೆ ಜಾಗ ತುಂಬಿರುತ್ತದೆ, ಸಂಜೆ ನಾಲ್ಕಕ್ಕೆ ಸೇರಿಕೊಳ್ಳಿ. ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಹಾಲು, ಬ್ರೆಡ್ಡು ಶನಿವಾರವೇ ತಂದಿಡಿ.

ದಾರಿಯಲ್ಲಿ ಸಿಗುವ ರೋಟೆನ್‌ಬುರ್ಗ್ ಬರೀ ಪ್ರವಾಸಿಗರ ಜಾತ್ರೆಯಂತೆ. ಬಿಟ್ಟುಬಿಡಲೇ?
*– ಇತಿಹಾಸದ ಉಪನ್ಯಾಸಕಿ*

ಮಧ್ಯಾಹ್ನ ಹನ್ನೆರಡಕ್ಕಾದರೆ ಬಿಟ್ಟುಬಿಡಿ ಮೇಡಂ. ಬಸ್ಸುಗಳು ಹೋದಮೇಲೆ, ಸಂಜೆ ಆರಕ್ಕೆ ಕೋಟೆಗೋಡೆ ಹತ್ತಿ. ಮರದ ಸೂರಿನ ಕೆಳಗೆ ನಡೆಯುತ್ತ ಹೋದರೆ ಗೋಡೆಯಲ್ಲಿ ಹೆಸರು ಕೆತ್ತಿದ ಕಲ್ಲುಗಳು ಕಾಣುತ್ತವೆ. 1945ರ ಮಾರ್ಚ್ 31ರಂದು ಬಾಂಬು ಬಿದ್ದು ಊರಿನ ಒಂದು ಭಾಗ ನೆಲಸಮವಾಯಿತು. ಮತ್ತೆ ಕಟ್ಟಲು ದೇಶವಿದೇಶದಿಂದ ದುಡ್ಡು ಕಳಿಸಿದವರ ಹೆಸರು ಅವು. ನಮ್ಮ ದೇವಸ್ಥಾನದ ಮೆಟ್ಟಿಲ ಮೇಲಿನ ‘ಸೇವಾರ್ಥ’ ನೆನಪಾಗಿ ನಗು ಬಂತು.

ಹತ್ತಿರದ ಡಿಂಕೆಲ್ಸ್‌ಬ್ಯೂಲ್‌ಗೆ ಯುದ್ಧದಲ್ಲಿ ಅಷ್ಟು ಪೆಟ್ಟು ಬೀಳಲಿಲ್ಲ, ಜನವೂ ಕಡಿಮೆ.

ಒಂದೇ ಊರು ನೋಡಲು ಸಮಯವಿದ್ದರೆ?
*– ನಿವೃತ್ತ ವಿಜ್ಞಾನ ಶಿಕ್ಷಕರು*

ನ್ಯೋರ್ಡ್‌ಲಿಂಗನ್. ಸರ್, ಈ ಊರು ನಿಮಗೆಂದೇ ಇದೆ. ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಕ್ಷುದ್ರಗ್ರಹ ಬಡಿದು ಆದ, 24 ಕಿ.ಮೀ. ಅಗಲದ ಬಟ್ಟಲೊಳಗೆ ಊರು ಕೂತಿದೆ. ಜ್ವಾಲಾಮುಖಿಯ ಕೆಲಸ ಎಂದು ಬಹಳ ಕಾಲ ನಂಬಿದ್ದರು. 1960ರಲ್ಲಿ ಭೂವಿಜ್ಞಾನಿಗಳಾದ ಯೂಜಿನ್ ಶೂಮೇಕರ್ ಮತ್ತು ಎಡ್ವರ್ಡ್ ಚಾವೊ ಇಲ್ಲಿನ ಕಲ್ಲಿನಲ್ಲಿ ಕೋಯಸೈಟ್ ಪತ್ತೆಮಾಡಿದರು. ಅದು ಮಿತಿಮೀರಿದ ಒತ್ತಡ ಬಿದ್ದಾಗ ಹುಟ್ಟುವ ಖನಿಜ. ಜ್ವಾಲಾಮುಖಿಯ ವಾದ ಅಲ್ಲಿಗೆ ಬಿತ್ತು. 1970ರಲ್ಲಿ ಚಂದ್ರನಲ್ಲಿಗೆ ಹೊರಡಲಿದ್ದ ಅಪೊಲೊ 14ರ ಗಗನಯಾನಿಗಳು ಕಲ್ಲು ಗುರುತಿಸುವುದನ್ನು ಕಲಿಯಲು ಇಲ್ಲಿಗೆ ಬಂದಿದ್ದರು.

ಚರ್ಚಿನ ಗೋಪುರ 90 ಮೀಟರ್, ಊರವರ ಬಾಯಲ್ಲಿ ‘ಡೇನಿಯಲ್’. ಕಟ್ಟಿರುವುದೂ ಅದೇ ಹೊಡೆತಕ್ಕೆ ಬೆಸೆದುಕೊಂಡ ಕಲ್ಲಿನಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ವಜ್ರದ ಕಣಗಳು ಅದರಲ್ಲಿವೆ. ಕೈಯಾಡಿಸಿದೆ. ಒರಟು, ಬೂದು ಬಣ್ಣ, ಮಳೆ ಬಂದು ನಿಂತಿದ್ದರಿಂದ ತಣ್ಣಗಿತ್ತು. 350 ಮೆಟ್ಟಿಲು ಹತ್ತಿದರೆ ಊರಿನ ಗುಂಡನೆಯ ಕೋಟೆ, ಅದರಾಚೆ ಹೊಲ, ದೂರದಲ್ಲಿ ಬಟ್ಟಲಿನ ಅಂಚು.

ಮಂಡಿ ನೋವಿದ್ದರೆ ಹತ್ತಬೇಡಿ, ರಾತ್ರಿ ಹತ್ತಕ್ಕೆ ಕೆಳಗೆ ನಿಂತರೆ ಸಾಕು. ಗೋಪುರದ ಕಾವಲುಗಾರ ಮೇಲಿಂದ ‘ಸೋ ಗ್ಸೆಲ್ ಸೋ’ ಎಂದು ಎಳೆದು ಕೂಗುತ್ತಾನೆ, ಮಧ್ಯರಾತ್ರಿಯವರೆಗೆ ಅರ್ಧ ಗಂಟೆಗೊಮ್ಮೆ. ಹತ್ತರ ಕೂಗು ಚರ್ಚಿನ ಮುಂದೆ ಕೇಳಿದೆವು. ಹತ್ತೂವರೆಯದು ವ್ಯಾನಿಗೆ ಹಿಂತಿರುಗುವ ದಾರಿಯಲ್ಲಿ, ಯಾರದೋ ಅಡುಗೆಮನೆ ಕಿಟಕಿಯ ಕೆಳಗೆ.

ಫ್ಯೂಸನ್ ಹತ್ತಿರದ ನಾಯ್‌ಶ್ವಾನ್‌ಸ್ಟೈನ್ ಅರಮನೆ ಒಳಗೆ ಹೋಗಲೇಬೇಕೇ?
*– ಇಬ್ಬರು ಮಕ್ಕಳ ತಾಯಿ*

ಟಿಕೆಟ್ ಮೊದಲೇ ಮಾಡಿಸಿದ್ದರೆ ಹೋಗಿ. ಕೊಟ್ಟ ಹೊತ್ತಿಗೆ, ಗೈಡ್ ಜೊತೆಯಲ್ಲೇ ಒಳಗೆ ಬಿಡುವುದು. ಬವೇರಿಯಾದ ದೊರೆ ಎರಡನೇ ಲುಡ್ವಿಗ್ 1869ರಲ್ಲಿ ಕಟ್ಟಲು ಶುರುಮಾಡಿ, ಮುಗಿಯುವ ಮೊದಲೇ 1886ರಲ್ಲಿ ತೀರಿಕೊಂಡ. ಸಿಂಹಾಸನದ ಕೋಣೆಯಲ್ಲಿ ಸಿಂಹಾಸನವೇ ಇಲ್ಲ. ನನಗಂತೂ ಅದಕ್ಕಿಂತ, ಅಲ್ಲಿಗೆ ಸ್ವಲ್ಪ ಮೊದಲು ಹುಲ್ಲುಗಾವಲಿನ ನಡುವೆ ಸಿಗುವ ವೀಸ್ ಚರ್ಚ್ ಹೆಚ್ಚು ಹಿಡಿಸಿತು. ಹೊರಗೆ ಹಸುಗಳ ಗಂಟೆ, ಒಳಗೆ ಬಿಳಿ ಮತ್ತು ಚಿನ್ನದ ಬೆಳಕು.

ವ್ಯಾನಿನಲ್ಲಿ ಒಗ್ಗರಣೆ ಹಾಕಬಹುದೇ?
*– ಗೃಹಿಣಿ*

ಹಾಕಬಹುದು, ಗ್ಯಾಸ್ ಒಲೆ ಎರಡಿರುತ್ತವೆ. ಚಾವಣಿಯ ಕಿಟಕಿ ಪೂರ್ತಿ ಎತ್ತಿ, ಹೊದಿಕೆಗಳನ್ನು ಮುಂದಿನ ಸೀಟಿಗೆ ಸಾಗಿಸಿ ಆಮೇಲೆ ಎಣ್ಣೆ ಇಡಿ. ನಾವು ಮೂರನೇ ದಿನ ಇಂಗು ಹಾಕಿದೆವು. ಹನ್ನೆರಡನೇ ದಿನ ಗಾಡಿ ಒಪ್ಪಿಸುವಾಗ ಬಾಡಿಗೆಯ ಹುಡುಗ ಬಾಗಿಲು ತೆಗೆದವನೇ, ಮುಚ್ಚಿ, ಒಮ್ಮೆ ನಮ್ಮ ಮುಖ ನೋಡಿ, ಮತ್ತೆ ತೆಗೆದ.