ಫ್ಲಾರಿಡಾದ ಸ್ಪೇಸ್ ವ್ಯೂ ಪಾರ್ಕಿಗೆ ವಯಸ್ಸಾದ ತಂದೆ-ತಾಯಿಯರನ್ನು ಕರೆದೊಯ್ಯಬಹುದೇ?

ತೀರ್ಥಹಳ್ಳಿಯಿಂದ ಬರಲಿರುವ ನಿಮ್ಮ ತಂದೆ-ತಾಯಿಯರನ್ನು ಟೈಟಸ್‌ವಿಲ್ ಊರಿನ ಈ ಉದ್ಯಾನಕ್ಕೆ ಕರೆದೊಯ್ದರೆ ಅವರಿಗೆ ಬೇಸರವಾದೀತೇ ಎಂದು ಕೇಳಿದ್ದೀರಿ. ನಾನು ಸಾಗರದವನು; ಮಗಳ ಮನೆಗೆ ಹೋಗಿದ್ದಾಗ, ಅರವತ್ತೆಂಟರ ವಯಸ್ಸಿನಲ್ಲಿ, ಎರಡು ಸಂಜೆ ಅಲ್ಲಿ ಕುಳಿತು ಬಂದಿದ್ದೇನೆ. ಖಂಡಿತ ಕರೆದೊಯ್ಯಿರಿ, ಆದರೆ ಸಾಧ್ಯವಾದರೆ ನೀರಿನಾಚೆಯ ಕೆನಡಿ ಬಾಹ್ಯಾಕಾಶ ಕೇಂದ್ರದಿಂದ ರಾಕೆಟ್ ಹಾರುವ ದಿನವನ್ನೇ ಆರಿಸಿಕೊಳ್ಳಿ.

ಉದ್ಯಾನ ಚಿಕ್ಕದು, ಪ್ರವೇಶ ಉಚಿತ. ಅದರ ಮುಂದಿರುವ ನೀರಿಗೆ ಇಂಡಿಯನ್ ರಿವರ್ ಎಂಬ ಹೆಸರಿದ್ದರೂ ಅದು ನದಿಯಲ್ಲ, ಸಮುದ್ರಕ್ಕೆ ಹೊಂದಿಕೊಂಡ ಉಪ್ಪುನೀರಿನ ಹಿನ್ನೀರು. ಶರಾವತಿ ಹಿನ್ನೀರನ್ನು ಲಾಂಚಿನಲ್ಲಿ ದಾಟಿ ಸಿಗಂದೂರಿಗೆ ಹೋಗಿ ಬಂದವರಿಗೆ ಆ ಅಗಲವೇನೂ ಹೊಸದೆನಿಸದು. ಆದರೆ ಆಚೆ ದಡದಲ್ಲಿ, ಯಾರೋ ಪೆಟ್ಟಿಗೆಯೊಂದನ್ನು ಮರೆತು ಹೋದಂತೆ, ಕೆನಡಿ ಬಾಹ್ಯಾಕಾಶ ಕೇಂದ್ರದ ರಾಕೆಟ್ ಜೋಡಣೆಯ ಕಟ್ಟಡ ನಿಂತಿರುತ್ತದೆ. ಅದರ ಎತ್ತರ ಸುಮಾರು 160 ಮೀಟರ್. (ನಮ್ಮ ಜೋಗದ್ದು 253 ಮೀಟರ್ ಎಂದು ಮಗಳಿಗೆ ನೆನಪಿಸದೆ ಬಿಡಲಿಲ್ಲ.)

ಅಮೆರಿಕದ ಬಾಹ್ಯಾಕಾಶ ಯಾನದ ಮರ್ಕ್ಯುರಿ, ಜೆಮಿನಿ, ಅಪೊಲೊ, ಷಟಲ್ ಯೋಜನೆಗಳಿಗೆ ಉದ್ಯಾನದಲ್ಲಿ ಸ್ಮಾರಕಗಳಿವೆ. ಮರ್ಕ್ಯುರಿ ಸ್ಮಾರಕದಲ್ಲಿ ಬುಧಗ್ರಹದ ಚಿಹ್ನೆಯೊಳಗೆ 7 ಎಂಬ ಅಂಕಿ ಇದೆ. ಅದು 1959ರಲ್ಲಿ ಆಯ್ಕೆಯಾದ ಮೊದಲ ಏಳು ಗಗನಯಾತ್ರಿಗಳ ಗುರುತು. ಗಗನಯಾತ್ರಿಗಳ ಕಂಚಿನ ಕೈಯಚ್ಚುಗಳ ಮೇಲೆ ಬಂದವರೆಲ್ಲ ಅಂಗೈಯಿಟ್ಟು ನೋಡುತ್ತಾರೆ. ನಾನೂ ಇಟ್ಟೆ, ಬಿಸಿಲಿಗೆ ಕಾದ ಕಂಚು ದೋಸೆ ಕಾವಲಿಯಂತೆ ಚುರುಕ್ಕೆನಿಸಿತು. ಆ ಯೋಜನೆಗಳಲ್ಲಿ ದುಡಿದ ಸಾಮಾನ್ಯ ಕೆಲಸಗಾರರ ಹೆಸರುಗಳನ್ನೂ ಕೆತ್ತಿದ್ದಾರೆ. ಹಿರಿಯರೊಬ್ಬರು ಸಾಲುಗಳ ಮೇಲೆ ಬೆರಳಾಡಿಸುತ್ತ ಯಾವುದೋ ಒಂದು ಹೆಸರನ್ನು ಬಹಳ ಹೊತ್ತು ಹುಡುಕುತ್ತಿದ್ದರು. ನನಗೆ ಕೈಯಚ್ಚುಗಳಿಗಿಂತ ಹೆಚ್ಚು ನೆನಪಿನಲ್ಲಿರುವುದು ಅವರೇ.

ನಿಮ್ಮ ತಂದೆಯವರಿಗೆ 39ಎ ಉಡಾವಣಾ ವೇದಿಕೆ ಯಾವ ದಿಕ್ಕಿನಲ್ಲಿದೆಯೆಂದು ತೋರಿಸಿ. 1969ರ ಜುಲೈ 16ರಂದು ಅಪೊಲೊ 11 ಹೊರಟದ್ದು ಅಲ್ಲಿಂದ; 2003ರ ಜನವರಿ 16ರಂದು ಕಲ್ಪನಾ ಚಾವ್ಲಾ ಮರಳಿ ಬಾರದ ಪ್ರಯಾಣಕ್ಕೆ ಹೊರಟದ್ದೂ, 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಹೊರಟದ್ದೂ ಅಲ್ಲಿಂದಲೇ.

ಉಡಾವಣೆಯ ಬಗ್ಗೆ ಒಂದು ಎಚ್ಚರಿಕೆ: ಹವಾಮಾನ ಕೆಟ್ಟರೆ ಕೊನೆಯ ಗಳಿಗೆಯಲ್ಲೂ ಮುಂದೂಡುತ್ತಾರೆ, ಆದ್ದರಿಂದ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ನಮಗೂ ಮೊದಲ ಸಂಜೆ ನಿರಾಶೆಯಾಯಿತು. ಮರುದಿನ ಕತ್ತಲಾದ ಮೇಲೆ ನೀರಿನಾಚೆ ಬೆಳಕು ಹೊತ್ತಿಕೊಂಡು ಮೇಲೇರತೊಡಗಿದರೂ ಸದ್ದೇ ಇರಲಿಲ್ಲ. ಮಿಂಚು ಕಂಡಾಗ ಗುಡುಗಿಗಾಗಿ ಎಣಿಸುವ ಬಾಲ್ಯದ ಅಭ್ಯಾಸದಂತೆ ಎಣಿಸತೊಡಗಿದೆ. ವೇದಿಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರವಿರುವುದರಿಂದ ಶಬ್ದ ತಲುಪಲು ಹೆಚ್ಚುಕಡಿಮೆ ಒಂದು ನಿಮಿಷ ಬೇಕು. ಐವತ್ತೈದು ದಾಟಿದ ಮೇಲೆ ಬಂದ ಆ ಗುಡುಗು ಕಿವಿಗಿಂತ ಮೊದಲು ಎದೆಗೆ ತಾಗಿದಂತಿತ್ತು.

ಉದ್ಯಾನ ಪೂರ್ವಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ. ಸಂಜೆ ಹೋದರೆ ಆಚೆ ದಡವೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ದುರ್ಬೀನು ಮತ್ತು ಮಡಚುವ ಕುರ್ಚಿಗಳಿರಲಿ. ಚಳಿಗಾಲವಾದರೆ ಅಮ್ಮನಿಗೊಂದು ಶಾಲನ್ನೂ ಮರೆಯಬೇಡಿ, ಕತ್ತಲಾದ ಮೇಲೆ ನೀರಿನ ಕಡೆಯಿಂದ ಬೀಸುವ ಗಾಳಿ ತಣ್ಣಗಿರುತ್ತದೆ.